ಮೂವತ್ತೊಂದು ಹೆಸರಿನ ಪಟ್ಟಿ

ಆಷಾಢ ಹಿಡಿದ ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತ ಕೊಟ್ಟೂರೇಶ್, ಎರಡನೆಯ ರೊಟ್ಟಿ ಮುರಿಯುತ್ತ, ತಾನು ಪಾಪರ್ ಅರ್ಜಿ ಹಾಕುತ್ತೇನೆಂದು ಹೇಳಿದ. ಎರಡನೆಯ ರೊಟ್ಟಿಯವರೆಗೆ ಯಾಕೆ ಕಾದ ಎಂಬುದು ಅವನ ತಾಯಿ ಗುರುಶಾಂತಮ್ಮನಿಗೆ ಗೊತ್ತಾಯಿತು. ಮೊದಲನೆಯದಕ್ಕೇ ಹೇಳಿದ್ದರೆ ಎರಡನೆಯದು ತಟ್ಟೆಗೆ ಬೀಳುತ್ತಿರಲಿಲ್ಲ.

“ಹಂಗಂದ್ರೆ?” ಎಂದಳು, ಗೊತ್ತಿದ್ದೂ.

“ಹಂಗಂದ್ರೆ ದಿವಾಳಿ, ಅವ್ವಾ. ನನ್ನ ಕೈಲೆ ಸಾಲ ತೀರ್ಸಕ್ಕೆ ಆಗಲ್ಲ ಅಂತ ಕೋರ್ಟಿಗೆ ಬರ್ದು ಕೊಡೋದು.”

“ಯಾರ್ಯಾರಿಗೆ ಹೇಳೀಯ?”

“ಯಾರಿಗೂ ಇಲ್ಲ.”

ಅಡುಗೆಮನೆಯಲ್ಲಿ ಸೊಸೆ ಪೂಜಾ ರೊಟ್ಟಿ ತಟ್ಟುವ ಸದ್ದು ಒಂದೇ ಲಯದಲ್ಲಿ ಮುಂದುವರಿಯಿತು. ಗಂಡ ದಿವಾಳಿಯಾಗುತ್ತಾನೆಂಬ ಸುದ್ದಿಯನ್ನು ಮೊದಲ ಸಲ ಕೇಳಿದ ಹೆಂಗಸಿನ ಕೈ ಒಂದು ಗಳಿಗೆಯಾದರೂ ನಿಲ್ಲಬೇಕಿತ್ತು. ಅಂದರೆ ಅವಳಿಗೆ ಮೊದಲೇ ಹೇಳಿದ್ದಾನೆ. ಗುರುಶಾಂತಮ್ಮ ಅದನ್ನು ಸದ್ಯಕ್ಕೆ ಬದಿಗಿಟ್ಟಳು.

“ಒಂದಿಷ್ಟು ಮಜ್ಜಿಗಿ ಹಾಕು,” ಎಂದರು ಮುರುಗೇಶಪ್ಪ. ಎಪ್ಪತ್ತೆಂಟು ವರ್ಷದ ಈ ಯಜಮಾನರು ಸಂಸಾರದ ಯಾವ ಸಂಕಟಕ್ಕೂ ಮಜ್ಜಿಗೆಯನ್ನೇ ಕೇಳುತ್ತ ಬಂದವರು. ಮಗಳ ಮದುವೆ ಮುರಿದಾಗಲೂ ಕೇಳಿದ್ದರು, ಮತ್ತೆ ಕೂಡಿಬಂದಾಗಲೂ ಕೇಳಿದ್ದರು.

ಚೌಕಿಪೇಟೆಯ ಮುರುಗೇಶ್ ಪ್ರಿಂಟರ್ಸ್ ನಲವತ್ತಾರು ವರ್ಷಗಳಿಂದ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಸೀಸದ ಮೊಳೆ ಜೋಡಿಸುತ್ತ ಮುರುಗೇಶಪ್ಪ ಊರಿನ ಎಷ್ಟೋ ಮನೆತನಗಳ ಬೀಗತನವನ್ನು ಬೆರಳ ತುದಿಯಲ್ಲಿ ಬಲ್ಲವರಾಗಿದ್ದರು. ಮಗನ ಕಾಲಕ್ಕೆ ಕಂಪ್ಯೂಟರ್ ಬಂತು. ಆಮೇಲೆ ಬ್ಯಾಂಕಿನ ಸಾಲದಲ್ಲಿ ದೊಡ್ಡದೊಂದು ಡಿಜಿಟಲ್ ಮಷೀನು ಬಂತು. ಅದಕ್ಕೆ ಕುಂಕುಮ ಹಚ್ಚಿ ಆರು ತಿಂಗಳಾಗುವುದರೊಳಗೆ ಕೊರೊನಾ ಬಂದು, ಮದುವೆಗೆ ನಲವತ್ತು ಜನ ಸಾಕೆಂದಿತು. ಕೊರೊನಾ ಹೋಯಿತು, ಜನ ಮತ್ತೆ ಸಾವಿರಗಟ್ಟಲೆ ಸೇರಿದರು, ಕಾರ್ಡು ಮಾತ್ರ ಇನ್ನೂರಕ್ಕೇ ನಿಂತಿತು. ದೇವರಿಗೊಂದು, ಮಠಕ್ಕೊಂದು, ಬೀಗರಿಗೊಂದಿಷ್ಟು. ಉಳಿದವರ ಮೊಬೈಲಿನಲ್ಲಿ ಗಣಪತಿ ಕುಣಿದು ಕರೆಯುತ್ತಿದ್ದ. ಬ್ಯಾಂಕಿನ ಕಂತಿಗೆ ಖಾಸಗಿ ಫೈನಾನ್ಸಿನ ಸಾಲ, ಆ ಫೈನಾನ್ಸಿನ ಬಡ್ಡಿಗೆ ನೆಂಟರ ಕೈಸಾಲ. ಹೋದ ವಾರ ಬ್ಯಾಂಕಿನಿಂದ ನೋಟಿಸು ಬಂದಿತ್ತು.

“ಸಣ್ಣತಿಮ್ಮಪ್ಪ ಎಲ್ಲ ದಾರಿ ತೋರ್ಸ್ಯಾನೆ,” ಎಂದ ಕೊಟ್ಟೂರೇಶ್. “ಮೊದ್ಲು ಈ ಮನಿ ಪೂಜಾ ಹೆಸರಿಗೆ ದಾನಪತ್ರ. ಆಮೇಲೆ ಅರ್ಜಿ. ನನ್ನ ಹೆಸರಿಗೆ ಏನೂ ಇರಲ್ಲ, ಯಾರು ಏನು ಕಿತ್ಕೋತಾರೆ? ಪತ್ರ ಬರ್ದು ರೆಡಿ ಇಟ್ಟಾನೆ. ಶುಕ್ರವಾರ ರಿಜಿಸ್ಟ್ರು.”

ಸಣ್ಣತಿಮ್ಮಪ್ಪನೆಂದರೆ ನೋಂದಣಿ ಕಚೇರಿಯೆದುರು ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಪತ್ರ ಬರೆಯುವವನು. ಜೇಬಿನಲ್ಲಿ ನಾಲ್ಕು ಪೆನ್ನು, ನಾಲಗೆಯ ಮೇಲೆ ನಾಲ್ಕು ಕಾಯ್ದೆ.

“ಆಷಾಢದಾಗೆ?” ಎಂದಳು ಗುರುಶಾಂತಮ್ಮ.

“ಆಷಾಢಕ್ಕೂ ಇದಕ್ಕೂ ಏನವ್ವಾ?”

“ಆಷಾಢದಾಗೆ ಹೊಸ ಪೊರಕಿ ತರಲ್ಲ ನಾವು. ಮನಿ ಕೈ ಬದ್ಲಾಯಿಸ್ತಾರೇನೋ? ಶ್ರಾವಣ ಬರ್ಲಿ.”

“ಬ್ಯಾಂಕಿನೋರು ಶ್ರಾವಣ ಕಾಯಲ್ಲ!”

“ಹಂಗಾದ್ರೆ ನನ್ನ ಹೆಣ ದಾಟಿ ಹೋಗಿ ಮಾಡ್ಸು.”

ಗುರುಶಾಂತಮ್ಮ ಪಂಚಾಂಗವನ್ನು ಎಷ್ಟು ನಂಬುತ್ತಿದ್ದಳೋ ಹೇಳುವುದು ಕಷ್ಟ, ಬಳಸುವುದನ್ನಂತೂ ಬಲ್ಲವಳು. ಗಂಡ ಕಟ್ಟಿಸಿದ ಮನೆ ಮಗನ ಹೆಸರಿನಿಂದ ಸೊಸೆಯ ಹೆಸರಿಗೆ ಹೋಗುವುದೆಂದರೆ, ಆಷಾಢ ಇಲ್ಲದಿದ್ದರೆ ಬೇರೆ ಯಾವುದಾದರೂ ಮಾಸವನ್ನು ಹುಡುಕುತ್ತಿದ್ದಳು. ಅಡುಗೆಮನೆಯಲ್ಲಿ ಈಗ ರೊಟ್ಟಿ ತಟ್ಟುವ ಸದ್ದು ನಿಂತಿತ್ತು.

ಕಾಲೇಜಿನಿಂದ ಬಂದು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡ ಮೊಮ್ಮಗಳು ಅಂಕಿತಾ ಚಪ್ಪಲಿ ಬಿಡುತ್ತ ಅಂದಳು: “ಅಪ್ಪಾ, ಹಲ್ಲು ನೋವಿಗೆ ಡಾಕ್ಟ್ರು ಬೇಕು, ದಿವಾಳಿಗೆ ಸಣ್ಣತಿಮ್ಮಪ್ಪ ಸಾಕಾ? ಒಬ್ರು ವಕೀಲರನ್ನ ಕೇಳೋಣ.”

“ದಾವಣಗೇರ್ಯಾಗೆ ಯಾವ ವಕೀಲರ ಮೆಟ್ಲು ಹತ್ತಿದ್ರೂ ಸಂಜಿ ಒಳಗೆ ಚೌಕಿಪೇಟಿಗೆಲ್ಲ ಗೊತ್ತಾಗ್ತೈತೆ. ಅರ್ಧ ವಕೀಲ್ರ ವಿಸಿಟಿಂಗ್ ಕಾರ್ಡ್ ಹೊಡ್ದೋನೇ ನಾನು.”

“ಹಂಗಾದ್ರೆ ಹರಿಹರಕ್ಕೆ ಹೋಗೋಣ. ನಮ್ಮ ಮೇಡಂ ಒಬ್ಬರನ್ನ ಹೇಳಿದ್ರು, ನೂರೀನ್ ಅಂತ. ಇಂಥಾ ಕೇಸೇ ನೋಡ್ತಾರಂತೆ. ನಿನ್ನ ಹತ್ರ ಕಾರ್ಡ್ ಹೊಡಿಸಿಲ್ಲ ಅವರು.”

ಗುರುಶಾಂತಮ್ಮನಿಗೆ ಮಾತು ಹಿಡಿಸಿತು. ವಕೀಲೆಯ ಮೇಲಿನ ವಿಶ್ವಾಸಕ್ಕಿಂತ, ಶ್ರಾವಣದವರೆಗೆ ಮಗನಿಗೊಂದು ಕೆಲಸ ಸಿಕ್ಕಿತಲ್ಲ ಎಂದು.

*

ಮುಂದಿನ ಮಂಗಳವಾರ ಬರಲು ವಕೀಲರ ಕಚೇರಿಯಿಂದ ಹೇಳಿದರು. ಬರುವಾಗ ಸಾಲದ ಕಾಗದಗಳು, ಮನೆಯ ಪತ್ರ, ಮತ್ತೆ ಯಾರ್ಯಾರಿಗೆ ಎಷ್ಟು ಕೊಡಬೇಕು ಅನ್ನುವ ಪೂರ್ತಿ ಪಟ್ಟಿ ತರಬೇಕು. ಯಾರನ್ನೂ ಬಿಡಬಾರದು.

ಯಾರನ್ನೂ ಬಿಡಬಾರದು ಎನ್ನುವ ಮಾತಿಗೆ ಈ ಮನೆಯಲ್ಲಿ ಒಂದೇ ಅರ್ಥವಿತ್ತು. ಭಾನುವಾರ ಮುಂಜಾನೆ ಅವಲಕ್ಕಿ ತಿಂದು ಎಲ್ಲರೂ ಪಡಸಾಲೆಯಲ್ಲಿ ಕೂತರು. ಅಂಕಿತಾ ಮೊಬೈಲಿನಲ್ಲಿ ಬರೆದುಕೊಳ್ಳತೊಡಗಿದಳು.

“ಬ್ಯಾಂಕು, ಒಂಬತ್ತು ಲಕ್ಷ ನಲವತ್ತು ಸಾವಿರ,” ಎಂದ ಕೊಟ್ಟೂರೇಶ್.

“ಬ್ಯಾಂಕು ಮೊದ್ಲಾ?” ಗುರುಶಾಂತಮ್ಮ ತಡೆದಳು. “ಮಾಯಕೊಂಡದ ನಿಮ್ಮ ಸೋದರಮಾವನ್ನ ಹಿಂದೆ ಹಾಕಿ ಬ್ಯಾಂಕ್ ಮುಂದೆ ಹಾಕ್ತೀಯಾ? ಗೊತ್ತಾದ್ರೆ ಮನಿ ಮೆಟ್ಲು ಹತ್ತಲ್ಲ ಅವ್ನು.”

“ಅಜ್ಜಿ, ಇದು ಲಗ್ನಪತ್ರಿಕೆ ಅಲ್ಲ.”

“ಗೊತ್ತೈತಮ್ಮ. ಆದ್ರೂ ಹಿರೇರು ಹಿರೇರೇ.”

ಸೋದರಮಾವ ಮೊದಲಾದರು. ಆಮೇಲೆ ಬೀಗರು, ಆನೆಕೊಂಡದ ಚಿಕ್ಕಪ್ಪ, ಇನ್ನಿಬ್ಬರು ನೆಂಟರು. ಐದು ಮನೆಯಿಂದ ಎರಡು ಲಕ್ಷ ಇಪ್ಪತ್ತು ಸಾವಿರ. ಬ್ಯಾಂಕೂ ಫೈನಾನ್ಸೂ ಪಂಕ್ತಿಯ ಕೊನೆಗೆ ಕೂತವು. ಇಷ್ಟಕ್ಕೆ ಮುಗಿಯಬೇಕಿತ್ತು. ಅಷ್ಟರಲ್ಲಿ ಗುರುಶಾಂತಮ್ಮ ಒಳಗೆ ಹೋಗಿ ಕೆಂಪು ರೆಕ್ಸಿನ್ ಹೊದಿಕೆಯ ಮುಯ್ಯಿ ಪುಸ್ತಕ ತಂದಳು. ಮನೆಯ ಮದುವೆ, ಗೃಹಪ್ರವೇಶಗಳಲ್ಲಿ ಯಾರು ಏನು ಉಡುಗೊರೆ ಕೊಟ್ಟರೆಂದು ಬರೆದಿಟ್ಟ ಪುಸ್ತಕ ಅದು. ಅವರ ಮನೆಯಲ್ಲಿ ಕಾರ್ಯವಾದಾಗ ಅಷ್ಟನ್ನೋ, ತುಸು ಹೆಚ್ಚನ್ನೋ ತಿರುಗಿ ಕೊಡುವುದು ಧರ್ಮ.

“ಇವೂ ನಾವು ಕೊಡ್ಬೇಕಾದ್ದೇ,” ಎಂದಳು. “ಉಡಚಮ್ಮ, ಬೆಳ್ಳಿ ಲೋಟ ಎರಡು. ಕೊಟ್ರವ್ವ, ಎರಡು ಸಾವಿರ ಮತ್ತೆ ಒಂದು ಇಳಕಲ್ ಸೀರಿ…”

“ಅಜ್ಜಿ, ಇದು ಸಾಲ ಅಲ್ಲ!”

“ಇಸ್ಕಂಡಿದ್ದು ಹೌದೋ ಅಲ್ಲೋ? ತಿರ್ಗಿ ಕೊಟ್ಟಿಲ್ಲ, ಹೌದೋ ಅಲ್ಲೋ? ಮತ್ತೇನು?”

ಅಂಕಿತಾ ತನ್ನ ಬಿ.ಕಾಂ. ಎರಡನೆಯ ವರ್ಷದ ಪಾಠವನ್ನು ಬದಿಗಿಟ್ಟು ಬೆಳ್ಳಿ ಲೋಟವನ್ನೂ ಬರೆದುಕೊಂಡಳು. ಮುರುಗೇಶಪ್ಪ ಮಜ್ಜಿಗೆ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಪಟ್ಟಿಯಲ್ಲಿ ಮೂವತ್ತೊಂದು ಹೆಸರಾದವು.

ಪೂಜಾ ಹೆಸರು ಎಣಿಸಿ ಕೇಳಿದಳು: “ಮುನಾಫಣ್ಣಂದು ಎಲ್ಲೈತೆ?”

ಮುನಾಫ್ ಕಾಗದದ ವ್ಯಾಪಾರಿ. ಕೊಟ್ಟೂರೇಶನ ಜೊತೆ ಒಂದೇ ಬೆಂಚಿನಲ್ಲಿ ಕೂತು ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ವಿಷಯದಲ್ಲಿ ಫೇಲಾದವನು. ಅಂಗಡಿಗೆ ಕೊಟ್ಟ ಕಾಗದದ ಬಾಕಿ ಎರಡು ಲಕ್ಷ ಎಂಬತ್ತು ಸಾವಿರ. ವರ್ಷವಾದರೂ ಒಂದು ದಿನ ಬಾಯಿಬಿಟ್ಟು ಕೇಳಿದವನಲ್ಲ. ಮೂರು ತಿಂಗಳಿಂದ ಕಾಗದ ಕಳಿಸುವುದನ್ನು ನಿಲ್ಲಿಸಿದ್ದ, ಅಷ್ಟೇ.

“ಅವನ ಹೆಸರು ಬ್ಯಾಡ,” ಎಂದ ಕೊಟ್ಟೂರೇಶ್. “ತೀರಾ ಹತ್ತಿರದೋರಿಗೆ ಕಾರ್ಡ್ ಕೊಡ್ತೀವೇನು? ಬಾಯಲ್ಲಿ ಹೇಳ್ತೀವಿ. ಅವ್ನಿಗೆ ನಾನೇ ಹೋಗಿ ಹೇಳ್ತೀನಿ.”

“ಯಾವಾಗ?”

“ಹೇಳ್ತೀನಿ ಅಂದ್ನಲ್ಲ!”

ಸೋಮವಾರ ಸಂಜೆ ಪಟ್ಟಿ ಅಚ್ಚಾಗಿ ಬಂತು. ಅಂಗಡಿಯಲ್ಲಿ ಬಿಳಿ ಕಾಗದ ಮುಗಿದಿತ್ತು. ಉಳಿದಿದ್ದ ಬಂಗಾರದ ಅಂಚಿನ ಕೆನೆಬಣ್ಣದ ಕಾರ್ಡಿನ ಮೇಲೆ, ಎರಡು ಸಾಲಾಗಿ, ‘ಶ್ರೀಮತಿ ಮತ್ತು ಶ್ರೀ’ ಸಮೇತ, ಕೊಟ್ಟೂರೇಶ್ ತನಗೆ ಸಾಲ ಕೊಟ್ಟವರನ್ನು ಒಪ್ಪವಾಗಿ ಕೂರಿಸಿದ್ದ. ನೆತ್ತಿಯ ಮೇಲೆ ಗಣಪತಿಯೂ ಇದ್ದ. ತೆಗೆಯಲು ಮರೆತಿದ್ದನಂತೆ.

*

ಹರಿಹರಕ್ಕೆ ಕೊಟ್ಟೂರೇಶ್, ಗುರುಶಾಂತಮ್ಮ, ಅಂಕಿತಾ ಮೂವರು ಹೊರಟರು. ಬ್ಯಾಂಕಿನವರು ಬಂದಾರೆಂದು ಪೂಜಾ ಅಂಗಡಿಯಲ್ಲಿ ಉಳಿದಳು. ವಕೀಲೆಯ ಕಚೇರಿ ಔಷಧದಂಗಡಿಯೊಂದರ ಮಹಡಿಯ ಮೇಲೆ. ಮೆಟ್ಟಿಲು ಹತ್ತುವಾಗ ಕೊಟ್ಟೂರೇಶ್ ಹಿಂದೆ ತಿರುಗಿ ಬೀದಿ ನೋಡಿದ. ಗುರುತಿನವರು ಯಾರೂ ಇರಲಿಲ್ಲ.

ಗುರುತಿನವರೆಲ್ಲ ಮೇಲೆ ಕೂತಿದ್ದರು. ಕಾಯುವ ಕೋಣೆಯ ಬೆಂಚಿನ ಮೇಲೆ ನಾಲ್ಕು ಜನ. ಒಬ್ಬ ಅವರದೇ ಬೀದಿಯ ಪಾತ್ರೆ ಅಂಗಡಿಯವನು, ದಿನಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದ. ಪತ್ರಿಕೆ ತಲೆಕೆಳಗಾಗಿರಲಿಲ್ಲ, ಆದರೆ ಮೊನ್ನೆಯದು. ಇನ್ನೊಬ್ಬ ಅವರ ಮನೆಯಿದ್ದ ನಿಟ್ಟುವಳ್ಳಿಯ ಹಿಟ್ಟಿನ ಗಿರಣಿಯ ಮಾಲೀಕ, ಗುರುಶಾಂತಮ್ಮನನ್ನು ಕಂಡದ್ದೇ ಗೋಡೆಯ ಕ್ಯಾಲೆಂಡರಿನಲ್ಲಿ ಅಪಾರ ಆಸಕ್ತಿ ತಾಳಿದ. ದಾವಣಗೆರೆಯಲ್ಲಿ ಯಾರಿಗೂ ಕಾಣಿಸಬಾರದೆಂದು ಬಂದ ದಾವಣಗೆರೆಯವರಿಂದ ಆ ಕೋಣೆ ತುಂಬಿತ್ತು. ಮೂರನೆಯವನೊಬ್ಬ ಮಾತ್ರ ಹರಿಹರದವನು, ಔಷಧದ ಬಿಲ್ಲಿನ ಹಣ ಕೇಳಲು ಬಂದವನು. ನಾಲ್ಕನೆಯವನು ಮುನಾಫ್.

ಕೊಟ್ಟೂರೇಶನೂ ಅವನೂ ಒಬ್ಬರನ್ನೊಬ್ಬರು ನೋಡಿದರು.

“ಏನಪ್ಪಾ ಇಲ್ಲಿ?” ಎಂದ ಮುನಾಫ್.

“ಹರಿಹರೇಶ್ವರನ ಗುಡಿಗೆ ಬಂದಿದ್ವಿ. ನೀನು?”

“ನಾನು… ದರ್ಗಾಕ್ಕೆ.”

ಆ ದಿನ ಇಬ್ಬರ ದೇವರೂ ಒಂದೇ ಮಹಡಿಯಲ್ಲಿದ್ದಂತಾಯಿತು. ಮುನಾಫನ ತೊಡೆಯ ಮೇಲಿದ್ದ ಕಡತದಿಂದ ಹಳದಿ ಚೀಟಿಗಳು ಇಣುಕುತ್ತಿದ್ದವು. ಕನ್ನಡಕ ಇಲ್ಲದೆಯೂ ಗುರುಶಾಂತಮ್ಮನಿಗೆ ಅವು ಯಾವುವೆಂದು ಗೊತ್ತಾಯಿತು. ಮುರುಗೇಶ್ ಪ್ರಿಂಟರ್ಸ್‌ನ ಆರ್ಡರ್ ಚೀಟಿಗಳು. ಆ ಹಳದಿಯನ್ನು ಆರಿಸಿದವಳು ಅವಳೇ.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ನೂರೀನ್‌ಗೆ ಮೂವತ್ತೈದರ ಸುಮಾರು. ಮೇಜಿನ ಮೇಲೆ ಅರ್ಧ ಕುಡಿದ ಚಹಾ. ಬಂಗಾರದ ಅಂಚಿನ ಕಾರ್ಡನ್ನು ಕೈಗೆ ತೆಗೆದುಕೊಂಡು, “ಮದುವೆ ಯಾವತ್ತು?” ಎಂದಳು.

“ಅದು ಪಟ್ಟಿ, ಮೇಡಂ,” ಎಂದಳು ಅಂಕಿತಾ, ನೆಲ ನೋಡುತ್ತ.

ವಕೀಲೆ ಗಣಪತಿಯಿಂದ ಹಿಡಿದು ಕೊನೆಯ ಹೆಸರಿನವರೆಗೂ ಓದಿದಳು. ಬಂದ ನಗುವಿಗೆ ಚಹಾದ ಲೋಟ ಅಡ್ಡ ಹಿಡಿದಳು. “ಬೆಳ್ಳಿ ಲೋಟ ಎರಡು. ಇದು ಯಾವ ಸಾಲ?”

“ಮುಯ್ಯಿ,” ಎಂದಳು ಗುರುಶಾಂತಮ್ಮ. “ಅವರ ಮನಿ ಮದ್ವಿಗೆ ನಾವು ಕೊಡ್ಬೇಕಾದ್ದು.”

“ಅವರು ಕೋರ್ಟಿಗೆ ಹೋಗಿ ಕೇಳ್ತಾರಾ?”

“ಕೋರ್ಟಿಗ್ಯಾಕೆ ಹೋಗ್ತಾರೆ? ಮದ್ವಿ ಮನ್ಯಾಗೆ ಮುಖ ತಿರುಗಿಸ್ತಾರೆ.”

“ಮುಖ ತಿರುಗಿಸೋದಕ್ಕೆ ಕಾನೂನಲ್ಲಿ ಪರಿಹಾರ ಇಲ್ಲಮ್ಮ.” ವಕೀಲೆ ಪೆನ್ನು ತೆಗೆದು ಒಂದೊಂದೇ ಹೆಸರು ಹೊಡೆದಳು. ಇಪ್ಪತ್ತನಾಲ್ಕು ಹೆಸರು ಹೋಗಿ ಏಳು ಉಳಿದವು. ಕೊಟ್ಟೂರೇಶ್ ನೆಟ್ಟಗೆ ಕೂತ. ಮೂವತ್ತೊಂದು ಜನ ಎದೆಯ ಮೇಲೆ ಕೂತಿದ್ದಾರೆಂದುಕೊಂಡವನಿಗೆ ಏಳೇ ಜನ ಅಂದರೆ ಉಸಿರಾಡಲು ಜಾಗವಾಗುತ್ತದೆ.

“ಅಷ್ಟೇನಾ? ಒಂದು ಹೆಸರು ಮುಚ್ಚಿಟ್ರೂ ನಾಳೆ ನಿಮಗೇ ತೊಂದರೆ. ಕೋರ್ಟಿನಲ್ಲಿ ಅದಕ್ಕೆ ಮೋಸ ಅಂತಾರೆ.”

ಕೊಟ್ಟೂರೇಶ್ ಕಿಟಕಿ ನೋಡಿದ.

“ಒಬ್ಬ ಹೊರಗೆ ಕೂತಾನೆ,” ಎಂದಳು ಗುರುಶಾಂತಮ್ಮ.

“ಅವ್ವಾ!”

“ಏನು ಅವ್ವಾ? ಬಾಯಲ್ಲಿ ಹೇಳ್ತೀನಿ ಅಂದ್ಯಲ್ಲ. ಬಾಯಿ ಇಲ್ಲೇ ಐತೆ, ಅವನೂ ಇಲ್ಲೇ ಅದಾನೆ.”

ನೂರೀನ್ ಗಂಭೀರಳಾದಳು. “ಹೊರಗಿರೋರು ಯಾಕೆ ಬಂದಿದಾರೆ ಅಂತ ನಾನು ಹೇಳೋ ಹಾಗಿಲ್ಲ, ನಿಮ್ಮ ವಿಷಯ ಅವರಿಗೆ ಹೇಳೋ ಹಾಗೂ ಇಲ್ಲ. ನೀವಿಬ್ಬರೂ ಒಪ್ಪಿದ್ರೆ ಮಾತ್ರ.”

ಗುರುಶಾಂತಮ್ಮ ಒಪ್ಪಿಗೆಗೆ ಕಾಯುವ ಪೈಕಿ ಅಲ್ಲ. ಬಾಗಿಲು ತೆಗೆದು, “ಮುನಾಫ್, ಬಾರಪ್ಪಾ ಒಳಗೆ,” ಎಂದಳು. ಅವನು ಬಂದು ನಿಂತ. ಕೂರಲು ಕುರ್ಚಿ ಇರಲಿಲ್ಲ. ಕೊಟ್ಟೂರೇಶ್ ಎದ್ದು ತನ್ನದನ್ನು ಕೊಡಹೋದ; ಅವನು ಬೇಡವೆಂದ; ಕೊನೆಗೆ ಇಬ್ಬರೂ ನಿಂತರು.

“ಮುನಾಫ್, ನಾನು ಪಾಪರ್ ಹಾಕ್ಬೇಕಂತ ಬಂದೀನಿ.”

ಮುನಾಫ್ ತನ್ನ ಕಡತವನ್ನು ಮೇಜಿನ ಅಂಚಿಗೆ ಇಟ್ಟ. ಆಮೇಲೆ ಹೇಳಿದ: “ನಾನೂ ಅದಕ್ಕೇ ಬಂದೀನೋ.”

ಕಾಗದದ ಮಿಲ್ಲಿನವರು ಅವನ ಕುತ್ತಿಗೆಯ ಮೇಲೆ ಕೂತಿದ್ದರು. ಕೊಡಬೇಕಾದವರ ಹಣ ಬಂದರೆ ಅವನು ನಿಭಾಯಿಸುತ್ತಿದ್ದ. ಕೊಡಬೇಕಾದವರಲ್ಲಿ ಮೊದಲನೆಯ ಹೆಸರು ಯಾವುದೆಂದು ಅವನು ಹೇಳಲಿಲ್ಲ. ಹಳದಿ ಚೀಟಿಗಳು ಎಲ್ಲರಿಗೂ ಕಾಣುತ್ತಿದ್ದವು. ಮಗಳು ಇರಮ್‌ಳ ನಿಕಾಹ್ ಗೊತ್ತಾಗಿ ತಿಂಗಳಾಗಿತ್ತಂತೆ.

“ನಂಗೆ ಹೇಳೇ ಇಲ್ಲ ನೀನು!”

“ಹೇಳಿದ್ರೆ ದುಡ್ಡು ಕೇಳ್ದಂಗೆ ಆಗ್ತಿತ್ತಲ್ಲೋ. ಕಾರ್ಡೂ ಮೊಬೈಲಲ್ಲೇ ಮಾಡ್ಸೋಣ ಅಂತಿದ್ದೆ. ನಿನ್ನ ಅಂಗಡಿ ಬಿಟ್ಟು ಬೇರೆ ಕಡೆ ಹೊಡ್ಸಕ್ಕೆ ಮನಸ್ಸು ಬರ್ಲಿಲ್ಲ.”

ಗುರುಶಾಂತಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಧೂಳು, ಎಂದಳು, ಯಾರೂ ಕೇಳದಿದ್ದರೂ.

“ಸರಿ, ಈಗ ಕೇಳ್ರಿ,” ಎಂದಳು ವಕೀಲೆ. ಅವಳ ಕಚೇರಿಯ ಕನ್ನಡ ಅಲ್ಲಲ್ಲಿ ಸಡಿಲವಾಗತೊಡಗಿತ್ತು. “ಇದು ಸಾವಿರದ ಒಂಬೈನೂರ ಇಪ್ಪತ್ತರ ಕಾಯ್ದೆ. ಐನೂರು ರೂಪಾಯಿ ಸಾಲ ಇದ್ರೂ ಅರ್ಜಿ ಹಾಕಬಹುದು.”

“ಐನೂರಕ್ಕಾ? ಹಂಗಾದ್ರೆ ನಮ್ಮ ಓಣಿಗೆ ಓಣಿನೇ ಹಾಕ್ಬಹುದು,” ಎಂದಳು ಗುರುಶಾಂತಮ್ಮ.

“ಹಾಕಬಹುದು. ಆದ್ರೆ ತೀರಿಸೋ ಶಕ್ತಿ ಇಲ್ಲ ಅಂತ ತೋರಿಸ್ಬೇಕು. ಎಲ್ಲ ಸೇರಿ ನಿಮ್ಮ ಸಾಲ ಹದಿನೇಳೂವರೆ ಲಕ್ಷದೊಳಗೆ. ಮನೆ ಯಾರ ಹೆಸರಲ್ಲಿದೆ?”

“ನಂದೇ. ಹೋದ ವರ್ಷ ನಲವತ್ತು ಲಕ್ಷಕ್ಕೆ ಕೇಳಿದ್ರು,” ಎಂದು ಕೊಟ್ಟೂರೇಶ್ ಸಣ್ಣತಿಮ್ಮಪ್ಪನ ದಾನಪತ್ರವನ್ನು ಮುಂದಿಟ್ಟ. “ಅದಕ್ಕೇ ಇದು.”

ವಕೀಲೆ ಓದುತ್ತ ಓದುತ್ತ ಚಹಾ ಕೆಳಗಿಟ್ಟಳು. “ಇದು ರಿಜಿಸ್ಟ್ರು ಆಗಿದೆಯಾ?”

“ಇಲ್ಲ. ಅವ್ವ ಆಷಾಢ ಅಂದ್ಳು.”

“ಆ ಆಷಾಢಕ್ಕೊಂದು ಕೈ ಮುಗೀರಿ. ದಿವಾಳಿಗೆ ಮುಂಚೆ ಎರಡು ವರ್ಷದೊಳಗೆ ಹೆಂಡತಿಗೆ ಮನೆ ದಾನ ಕೊಟ್ರೆ ಕೋರ್ಟು ಅದನ್ನ ರದ್ದು ಮಾಡತ್ತೆ. ಮನೇನೂ ಹೋಗೋದು, ಮೋಸ ಮಾಡಿದೋನು ಅನ್ನೋ ಹೆಸರೂ ಬರೋದು. ಇದನ್ನ ಬರೆದೋರಿಗೆ ಎಷ್ಟು ಕೊಟ್ರಿ?”

“ಐದು ಸಾವಿರ. ಅಡ್ವಾನ್ಸು.”

ಗುರುಶಾಂತಮ್ಮ ಮಗನ ಕಡೆ ನೋಡಿದಳು. ಆ ಐದು ಸಾವಿರದ ಮಾತು ಮನೆಗೆ ಹೋದಮೇಲೆ ಬರುತ್ತದೆಂದು ಮಗನಿಗೆ ಗೊತ್ತಾಯಿತು.

“ಇನ್ನು ಈ ಫೈನಾನ್ಸು. ಮೂರು ಲಕ್ಷಕ್ಕೆ ತಿಂಗಳಿಗೆ ಹದಿನೈದು ಸಾವಿರ, ಮೂರು ವರ್ಷ. ಐದು ಲಕ್ಷ ನಲವತ್ತು ಸಾವಿರ ಕಟ್ಟಿದ್ಮೇಲೂ ಮೂರು ಲಕ್ಷ ಹಾಗೇ ಇದೆ ಅಂತ ನೀವೇ ಬರ್ಕೊಂಡು ಬಂದಿದೀರಿ! ಅಷ್ಟು ಬಡ್ಡಿ ತಗೊಳ್ಳೋ ಹಕ್ಕು ಅವರಿಗಿಲ್ಲ. ಅವರಿಗೆ ನಾನು ನೋಟಿಸು ಕೊಡ್ತೀನಿ. ಮಷೀನು ಮಾರಿದ್ರೆ?”

“ಆರೂವರೆ ಬರ್ಬಹುದು. ರಾಣೆಬೆನ್ನೂರಿನೋರು ಕೇಳಿದ್ರು.”

“ಬ್ಯಾಂಕಿನ ಒಪ್ಪಿಗೆ ತಗೊಂಡು ಮಾರ್ರಿ. ಉಳಿದದ್ದಕ್ಕೆ ಕಂತು. ಇವರಿಗೂ ಕಂತು, ನೆಂಟರಿಗೂ ಕಂತು, ಎಲ್ಲ ಬರವಣಿಗೆಯಲ್ಲಿ. ಬಾಯಿಮಾತು ಬ್ಯಾಡವೇ ಬ್ಯಾಡ.” ಅವಳು ಕಾರ್ಡನ್ನು ಮಡಚಿ ಕೊಟ್ಟಳು. “ಒಟ್ಟಿನಲ್ಲಿ, ಕೊಟ್ಟೂರೇಶ್ ಅವರೇ, ಸಾಲಕ್ಕಿಂತ ಹೆಚ್ಚು ಬೆಲೆಯ ಮನೆ ಇಟ್ಕೊಂಡು ನೀವು ದಿವಾಳಿ ಆಗೋಕೆ ಬರಲ್ಲ.”

ಕಾಲೇಜಿನಲ್ಲಿ ಸೀಟು ಸಿಗದೆ ವಾಪಸ್ಸಾದಾಗಲೂ ಕೊಟ್ಟೂರೇಶನ ಮುಖ ಹೀಗೇ ಆಗಿತ್ತು. “ಪಾಪರ್ ಆಗೋ ಯೋಗ್ಯತೇನೂ ಇಲ್ಲ ಅಂದಂಗಾಯ್ತು,” ಎಂದ. ಎಲ್ಲರಿಗಿಂತ ಮೊದಲು ನಕ್ಕವನು ಮುನಾಫ್. ಆಮೇಲೆ ಕೊಟ್ಟೂರೇಶನಿಗೂ ನಗು ಬಂತು. ಬಂದದ್ದು ಸ್ವಲ್ಪ ಹೊತ್ತು ನಿಲ್ಲಲಿಲ್ಲ, ಹೊರಗೆ ಕೂತ ಪಾತ್ರೆ ಅಂಗಡಿಯವನು ಪತ್ರಿಕೆ ಇಳಿಸಿ ನೋಡುವಷ್ಟು.

ಮುನಾಫನದೂ ಕಡತ ತೆರೆದು ನೋಡಿ, ಈ ಕಡೆಯ ಕಂತು ಸರಿಯಾಗಿ ಬಂದರೆ ಅವನೂ ಮಿಲ್ಲಿನವರಿಂದ ಕಾಲಾವಕಾಶ ಕೇಳಬಹುದೆಂದು ವಕೀಲೆ ಹೇಳಿದಳು. ಫೀಸು ಸಾವಿರ ರೂಪಾಯಿ. ಕೊಟ್ಟೂರೇಶ್ ಜೇಬಿಗೆ ಕೈಹಾಕುವ ಮೊದಲೇ ಗುರುಶಾಂತಮ್ಮ ಸೊಂಟದ ಚೀಲ ಬಿಚ್ಚಿದಳು. ದಿವಾಳಿಯ ಮಾತಿಗೆ ಬಂದವನ ಕೈಯಲ್ಲಿ ದುಡ್ಡು ಕೊಡಿಸುವುದು ಅವಳಿಗೆ ಸರಿಕಾಣಲಿಲ್ಲ.

ವಾಪಸ್ಸು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಬ್ಬರಿಗೂ ಟಿಕೆಟ್ಟು ಉಚಿತ. ಉಳಿದ ಎರಡು ಟಿಕೆಟ್ಟಿಗಾಗಿ ಕೊಟ್ಟೂರೇಶನೂ ಮುನಾಫನೂ ಕಂಡಕ್ಟರಿನ ಮುಂದೆ ಜಗಳಕ್ಕೆ ಬಿದ್ದರು. ತಾನು ಕೊಡುತ್ತೇನೆಂದು ಇವನು, ತಾನೆಂದು ಅವನು. ನಡುವೆ ಎರಡು ಲಕ್ಷ ಎಂಬತ್ತು ಸಾವಿರದ ಬಾಕಿ ಇದ್ದವರ ಈ ಜಗಳ ಬಸ್ಸು ದಾವಣಗೆರೆ ಮುಟ್ಟುವವರೆಗೂ ಮುಗಿಯಲಿಲ್ಲ.

ಮನೆಯಲ್ಲಿ ಪೂಜಾ ಊಟಕ್ಕಿಟ್ಟಳು. ಕೊಟ್ಟೂರೇಶ್ ಎಲ್ಲ ಹೇಳುತ್ತ ಹೇಳುತ್ತ ಹೆಸರುಕಾಳಿನ ಪಲ್ಯದ ಜೊತೆ ಮೂರನೆಯ ರೊಟ್ಟಿ ಹಾಕಿಸಿಕೊಂಡ. ಮುರುಗೇಶಪ್ಪ ಕೊನೆಯವರೆಗೂ ಕೇಳಿ, “ಆ ಮಷೀನು ಬಂದಾಗ್ಲೇ ನಂಗೆ ಅದರ ಸದ್ದು ಸೇರ್ತಿರ್ಲಿಲ್ಲ,” ಎಂದರು. ಮಜ್ಜಿಗೆ ಕೇಳಲಿಲ್ಲ.

ಗಂಡಸರು ಎದ್ದಮೇಲೆ ಪೂಜಾ ತಟ್ಟೆ ಎತ್ತುತ್ತ ಮೆಲ್ಲಗೆ ಕೇಳಿದಳು: “ಅತ್ತಿ, ಒಂದು ಮಾತು. ಅವತ್ತು ಅಡ್ಡ ಬಂದಿದ್ದು ಆಷಾಢನಾ, ನಾನಾ?”

ಗುರುಶಾಂತಮ್ಮ ಯೋಚಿಸಿದಳು. “ಎರಡೂ,” ಎಂದಳು.

“ಗೊತ್ತಿತ್ತು ಬಿಡ್ರಿ,” ಎಂದಳು ಪೂಜಾ. ನಕ್ಕಳು. “ನಂಗೂ ಆ ಮನಿ ಬ್ಯಾಡಾಗಿತ್ತು. ಕಂದಾಯ ಕಟ್ಟೋರ್ಯಾರು?”

*

ಮುಂದಿನ ವಾರ ಫೈನಾನ್ಸಿನ ವೀರೇಶ್ ಬೈಕಿನ ಮೇಲೆ ಬಂದ. ಕೈಯಲ್ಲಿ ನೂರೀನ್ ಕಳಿಸಿದ ನೋಟಿಸು. ಗೇಟಿನಲ್ಲೇ ದನಿ ಏರಿಸಿದ: “ಕಷ್ಟಕ್ಕೆ ದುಡ್ಡು ಕೊಟ್ಟೋರಿಗೆ ವಕೀಲರ ನೋಟಿಸೇನ್ರೀ? ಎಲ್ಲದಾನೆ ಅವ್ನು?”

ಪೂಜಾ ಬಾಗಿಲಿಗೆ ಬಂದಳು. “ಅದರಾಗೆ ಏನು ಬರ್ದೈತೋ ಅದಕ್ಕೆ ನೀವೂ ಬರ್ದೇ ಉತ್ತರ ಕೊಡ್ರಿ. ಒಳಗೆ ಬರ್ರಿ, ಕೂಡ್ರಿ. ಚಹಾ ಕುಡೀತೀರಾ?”

“ಚಹಾ ಕುಡಿಯಕ್ಕೆ ಬಂದಿಲ್ಲ ನಾನು!”

“ಹಂಗಾದ್ರೆ ಮಜ್ಜಿಗಿ?” ಎಂದರು ಪಡಸಾಲೆಯಿಂದ ಮುರುಗೇಶಪ್ಪ.

ವೀರೇಶ್ ನೋಟಿಸನ್ನು ಇನ್ನೊಮ್ಮೆ ಓದಿಕೊಂಡ. ಮೊದಲ ಸಲ ಪೂರ್ತಿ ಓದಿರಲಿಲ್ಲವೆಂದು ತೋರುತ್ತದೆ. ಆಮೇಲೆ ಬೈಕ್ ತಿರುಗಿಸಿಕೊಂಡು ಹೋದ. ವಾರದೊಳಗೆ, ಇನ್ನೇನೂ ಬಾಕಿ ಇಲ್ಲವೆಂಬ ಕಾಗದಕ್ಕೆ ಅವನ ಮಾಲೀಕನ ಸಹಿ ಬಿತ್ತು. ಗುರುಶಾಂತಮ್ಮ ಆ ಕಾಗದವನ್ನು ಮುಯ್ಯಿ ಪುಸ್ತಕದೊಳಗೆ ಇಟ್ಟಳು. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗವಿರಲಿಲ್ಲ. ಐದು ಸಾವಿರ ವಾಪಸ್ಸು ಕೇಳಲು ಅವಳೇ ಬೇವಿನ ಮರದವರೆಗೆ ನಡೆದು ಹೋಗಿದ್ದಳು. ಸಣ್ಣತಿಮ್ಮಪ್ಪ ಮೂರು ಸಾವಿರ ಕೊಟ್ಟು, ಉಳಿದದ್ದು ಬರವಣಿಗೆಯ ಕೂಲಿ ಎಂದ. ಅವಳು ಅದಕ್ಕೆ ರಸೀದಿ ಬರೆಸಿಕೊಂಡೇ ಎದ್ದಳು.

ಬ್ಯಾಂಕು ಬಡ್ಡಿಯಲ್ಲಿ ಸ್ವಲ್ಪ ಬಿಟ್ಟು, ಉಳಿದದ್ದಕ್ಕೆ ಕಂತು ಬರೆದುಕೊಟ್ಟಿತು. ರಾಣೆಬೆನ್ನೂರಿನವರು ಮಷೀನು ಒಯ್ಯಲು ಆಷಾಢದ ಕೊನೆಯ ಶನಿವಾರ ಬರುತ್ತೇವೆಂದರು. ಕೊಂಡವರಿಗೆ ಆಷಾಢ ಅಡ್ಡ ಬರಲಿಲ್ಲ. ಮಾರಿದವರ ಮನೆಯಲ್ಲೂ ಈ ಸಲ ಯಾರೂ ಆ ಮಾತೆತ್ತಲಿಲ್ಲ. ಅಂಗಡಿಯ ಮುಂದಿನ ಅರ್ಧ ಝೆರಾಕ್ಸ್ ನಡೆಸುವವನಿಗೆ ಬಾಡಿಗೆಗೆ ಹೋಯಿತು. ಹಿಂದಿನರ್ಧದಲ್ಲಿ ಹಳೆಯ ಸಣ್ಣ ಯಂತ್ರ, ಬಿಲ್‌ಬುಕ್ಕಿನ ಕೆಲಸ, ಕೊಟ್ಟೂರೇಶ್. ಮಧ್ಯಾಹ್ನದ ಮೇಲೆ ದೊಡ್ಡ ಪ್ರೆಸ್ಸೊಂದರಲ್ಲಿ ಅವನಿಗೆ ಸಂಬಳದ ಕೆಲಸ ಸಿಕ್ಕಿತ್ತು. ಮೊದಲ ದಿನ ಹೋಗಿ ಬಂದು, “ಬೇರೆಯೋರ ಮಷೀನು ಕೆಟ್ರೆ ಎಷ್ಟು ಆರಾಮ ಗೊತ್ತಾ ಅವ್ವಾ,” ಎಂದ.

ಮಷೀನು ಹೋಗುವ ಹಿಂದಿನ ದಿನ, ಶುಕ್ರವಾರ, ಅದರ ಮೇಲೆ ಕೊನೆಯ ಕೆಲಸ ನಡೆಯಿತು. ಇರಮ್‌ಳ ನಿಕಾಹ್ ಕಾರ್ಡು, ನಾನೂರು. ಆಷಾಢದಲ್ಲಿ ಆ ಅಂಗಡಿ ಕಂಡ ಒಂದೇ ಲಗ್ನಪತ್ರಿಕೆ. ಕಾಗದ ಮುನಾಫನದು, ಅಚ್ಚು ಕೊಟ್ಟೂರೇಶನದು. ಅಚ್ಚಿನ ಕೂಲಿಯನ್ನು ಬಾಕಿಯಲ್ಲಿ ಕಳೆದು ಅಂಕಿತಾ ಚೀಟಿ ಬರೆದಳು, ಇಬ್ಬರೂ ಸಹಿ ಮಾಡಿದರು. ಹೆಸರಿನ ಸಾಲು ನೋಡಲು ಗುರುಶಾಂತಮ್ಮ ತಾನೇ ಅಂಗಡಿಗೆ ಹೋಗಿದ್ದಳು. ಹುಡುಗಿಯ ಅಜ್ಜಿ ಮಾಬೂಬೀಯ ಹೆಸರು ಕೆಳಗೆ ಬಂದಿತ್ತು. “ಹಿರೇರು ಮೇಲೆ,” ಎಂದು ಮೇಲೆ ಹಾಕಿಸಿದಳು.

ಭಾನುವಾರ ಮುಂಜಾನೆ ಮುನಾಫ್ ನಿಟ್ಟುವಳ್ಳಿಯ ಮನೆಗೆ ಬಂದ. ಒಂದು ಕೈಯಲ್ಲಿ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ, ಕಂಕುಳಲ್ಲಿ ಕಾರ್ಡಿನ ಕಟ್ಟು. ಕೂತು ಚಹಾ ಕುಡಿದ. ಎದ್ದು ನಿಂತು, ಕೈ ಜೋಡಿಸಿ ಹೇಳಿದ:

“ಶ್ರಾವಣದ ಎರಡನೇ ಭಾನುವಾರ ಇರಮ್‌ದು ನಿಕಾಹ್. ಎಲ್ಲಾರೂ ಬರ್ಬೇಕು. ಊರಿಗೆಲ್ಲ ಕಾರ್ಡ್ ಕೊಡ್ತಿದೀನಿ, ನಿಮಗೆ ಮಾತ್ರ ಕೊಡಲ್ಲ. ನೀವು ಹತ್ತಿರದೋರು, ಬಾಯಲ್ಲಿ ಹೇಳ್ತಿದೀನಿ.”

ಕೊಟ್ಟೂರೇಶ್ ಎದ್ದು ಅವನ ಜೋಡಿಸಿದ ಕೈಗಳನ್ನು ಹಿಡಿದುಕೊಂಡ. ಗುರುಶಾಂತಮ್ಮ ಒಳಗಿನಿಂದ ತಂದ ಮುಯ್ಯಿ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮುಂದೆ ಬಂದಳು.

“ಅದೆಲ್ಲ ನಡಿಯಲ್ಲಪ್ಪಾ,” ಎಂದು ಕೈ ಚಾಚಿದಳು. “ಬಾಯಿಮಾತು ಬ್ಯಾಡ ಅಂತ ವಕೀಲಮ್ಮ ಹೇಳ್ಯಾಳೆ. ಇಲ್ಲಿ ಕೊಡು ಒಂದು ಕಾರ್ಡು.”